ಹತ್ತು ಕಳೆ, ಒಣಗಿಸಿ ತರುವುದು

ಲೀಲಾವತಿ ಮೇಡಂ ಬೋರ್ಡಿನ ಮೇಲೆ ಬರೆದದ್ದು ಇಷ್ಟೇ:
ಹತ್ತು ಕಳೆ. ಊರೊಳಗಿನವೇ ಆಗಬೇಕು.
ಬೇರು ಸಮೇತ. ಒಣಗಿಸಿ, ಅಂಟಿಸಿ,
ಕೆಳಗೆ ಬಲಗಡೆ ಹೆಸರು.

ಹಳೇ ಪೇಪರಿನ ನಡುವೆ ಮಡಿಸಿ
ಮೇಲೆ ರಾಗಿಹಿಟ್ಟಿನ ಡಬ್ಬ ಹೇರಿ
ನಾಲ್ಕು ದಿನ ಮಂಚದಡಿ ಇಟ್ಟಿದ್ದೆ.
ಐದನೇ ದಿನ ಮುದ್ದೆಗೆಂದು ಅಮ್ಮ ಡಬ್ಬ ಎಳೆದಳು.
'ಇದೇನೇ ಇದು?
ನಾನು ಬೀದಿಯಿಂದ ಕಿತ್ತು ಬಿಸಾಕೋದನ್ನ
ನೀನು ಮನೆಗೆ ಹೊತ್ಕೊಂಡು ಬಂದಿದೀಯ!'

ಅಮ್ಮ ನಗರಸಭೆಯವಳು. ಹದಿನಾಲ್ಕು ವರ್ಷ
ಗಲ್‌ಪೇಟೆ, ಕಠಾರಿಪಾಳ್ಯ, ಟೇಕಲ್ ರಸ್ತೆಯ ಚರಂಡಿಯ ಅಂಚು.
ಅವಳ ಕಳೆವಾರೆಯ ಹಿಡಿ
ಬೇರೆಯವರ ಕೈಗೆ ಕೂರುವುದಿಲ್ಲ.

ಹಾಳೆ ಕೈಗೆ ತಗೊಂಡವಳು
ಎಲೆ ನೋಡಲಿಲ್ಲ, ಹೂವು ನೋಡಲಿಲ್ಲ,
ಬೇರನ್ನು ಎರಡು ಬೆರಳಲ್ಲಿ ಹೊಸಕಿ
'ಉತ್ತರಾಣಿ' ಅಂದಳು.
ಅದು ಉತ್ತರಾಣಿಯೇ.

'ಗರಿಕೆ ಬರಲ್ಲ. ತುಂಡಾಗಿ ನಗ್ತದೆ, ಅಷ್ಟೇ.
ಕಾಂಗ್ರೆಸ್ ಗಿಡ ಸಲೀಸು, ಕರೆದರೆ ಬತ್ತದೆ,
ರಾತ್ರಿ ಮೊಣಕೈ ಹತ್ರ ಕೂತು ಲೆಕ್ಕ ಕೇಳ್ತದೆ.
ಕೊಮ್ಮೆ ಐತಲ್ಲ, ನಿಮ್ಮಜ್ಜಿ ಗಲಿಜೇರು ಅನ್ನೋಳು,
ಮೇಲೆ ನೋಡಿದ್ರೆ ನೆಲಕ್ಕೆ ಬಿದ್ದ ಬಡವಿ,
ಎಳೆದು ನೋಡು, ಚರಂಡಿ ಕಲ್ಲೇ ಎದ್ದು ಬತ್ತದೆ.
ನೆಗ್ಗಿಲು ಮಾತ್ರ ಹುಡುಕಬೇಡ.
ಚಪ್ಪಲಿ ಸವೆದೋರ ಗುರುತು ಅದಕ್ಕೇ ಗೊತ್ತು.'

ನಾನು ಬಲಗಡೆ ಬರೆಯುತ್ತ ಹೋದೆ:
ಅಕಿರಾಂಥಸ್ ಆಸ್ಪೆರಾ. ಬೋರ್ಹಾವಿಯಾ ಡಿಫ್ಯೂಸಾ.
ಜೋರಾಗಿ ಓದಿದಾಗ ಅಮ್ಮ
ಉಪ್ಪಿಲ್ಲದ ಸಾರು ಕುಡಿದವಳಂತೆ ಮುಖ ಮಾಡಿ
'ಯಾವೂರಿಂದು ಇವು?' ಅಂದಳು.

ಆಫೀಸಿನವರು ಕೊಟ್ಟ ಗ್ಲೌಸು ಗೂಟದ ಮೇಲೆ ಜೋತಿದೆ.
'ಹಾಕ್ಕೊಂಡ್ರೆ ಎಲ್ಲಾ ಒಂದೇ ಗಿಡ ಕಣೇ.'

ಕುಪ್ಪಿಗಿಡದ ಹಾಳೆಯ ಮೇಲೆ
ಆಗಲೇ ಪಕ್ಕದ ಮನೆಯ ಬೆಕ್ಕು ಹೊರಳಾಡಿತ್ತು.
ಅಣ್ಣೆಸೊಪ್ಪು, ಗೋಣಿಸೊಪ್ಪಿನ ಹಾಳೆಗಳನ್ನು
ಅಮ್ಮ ಬೇರೆ ತೆಗೆದಿಟ್ಟಳು.
'ಇವನ್ನ ಕಳೆ ಅಂದೋರು ಯಾರು?
ಒಣಗಿಸಿ ಹಾಳು ಮಾಡಿದೀಯ, ಮಸ್ಸೊಪ್ಪಿಗಾಗ್ತಿತ್ತು.'

ಉರ್ದು ಶಾಲೆಯ ಗೋಡೆ ಮೂಲೆಯಲ್ಲಿ
ಒಂದು ಗಣಿಕೆ ಗಿಡ. ಸುತ್ತ ಕೆರೆಯುತ್ತಾಳೆ, ಅದನ್ನು ಬಿಡುತ್ತಾಳೆ.
ಮಕ್ಕಳ ತುಟಿ ನೇರಳೆ.
ದಫೇದಾರ್ ಚೊಕ್ಕಪ್ಪ ಬೈಕು ನಿಲ್ಲಿಸಿ ಕೇಳುತ್ತಾನೆ,
'ಮುನಿತಾಯಮ್ಮ, ಅದ್ಯಾಕೆ ಬಿಟ್ಟೆ?'
'ಅದು ನಾಳೆಗೆ, ಸಾ.'
ಮೂರು ವರ್ಷದಿಂದ ಅದು ನಾಳೆಗೆ.

ಬೆಳಗ್ಗೆ ಐದೂವರೆಗೆ ವಾರ್ಡ್ ಆಫೀಸಿನ ಮುಂದೆ
ಅಂಗೈಯಗಲದ ಯಂತ್ರ.
ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟರೆ ಕೆಂಪು.
ಎಂಜಲು ಸವರಿ ಒತ್ತಿದರೂ ಕೆಂಪು.
ಒಳಗಿನಿಂದ ಒಬ್ಬ ಹೆಂಗಸು ಬಲು ಮರ್ಯಾದೆಯಿಂದ ಹೇಳುತ್ತಾಳೆ:
ಗುರುತು ಸಿಗುತ್ತಿಲ್ಲ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.
ಹೋದ ತಿಂಗಳು ಮೂರು ದಿನದ ಕೂಲಿ ಕಟ್ಟು.
ನಾನು ಆ ಬೆರಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ದೇನೆ:
ಗೆರೆಗಳು ಎಲ್ಲಿ ಹೋದವೋ,
ಯಾವ ಬೀದಿಯಲ್ಲಿ ಎಷ್ಟೆಷ್ಟು.

ಹತ್ತನೆಯದು
ಬಸ್ ಸ್ಟ್ಯಾಂಡಿನ ಹಿಂದೆ ಸಿಕ್ಕ, ಬೂದಿ ಬಣ್ಣದ, ಬೆರಳುದ್ದದ್ದು.
ಅಮ್ಮ ಹೊಸಕಿದಳು, ಮೂಸಿದಳು,
ನಾಲಗೆಯ ತುದಿಗೆ ತಾಕಿಸಿದಳು, ಉಗಿದಳು.
'ಹೊಸದು. ಬೈಪಾಸಿನ ಜಲ್ಲಿ ಲಾರಿ ಜತೆ ಬಂದಿರಬೇಕು.
ಇನ್ನೊಂದು ಮಳೆ ಆಗಲಿ, ಮಾತಾಡ್ತದೆ.'
ಬಲಗಡೆ ಖಾಲಿ ಬಿಟ್ಟೆ.

ಮೇಡಂ ಆ ಖಾಲಿಯ ಸುತ್ತ ಕೆಂಪು ಶಾಯಿಯಲ್ಲಿ ಸೊನ್ನೆ ಎಳೆದು
ಒಂದು ಅಂಕ ಕಳೆದರು. ಅವರಿಗೂ ಗೊತ್ತಿರಲಿಲ್ಲ,
ಕನ್ನಡಕ ಏರಿಸಿ ಇಳಿಸಿ ಎಲೆಯನ್ನೇ ನೋಡಿದರು.

ಸಂಜೆ ಹೇಳಿದೆ.
ಅಮ್ಮ ಕಾಲು ತೊಳೆಯುತ್ತಿದ್ದಳು,
ಸೀರೆಯ ಅಂಚಿನಿಂದ ಉತ್ತರಾಣಿ ಬೀಜ ಒಂದೊಂದೇ ಬಿಡಿಸುತ್ತ
ಕೇಳಿದಳು:
'ಬೇರು ಹಿಡಿದು ನೋಡಿದ್ರಾ?'