ಒಂದಕ್ಕೆ ಗುರುತು ಹಾಕಿ

ಸಿದ್ದಾಪುರದ ಆಸ್ಪತ್ರೆಯಲ್ಲಿ ಮಂಗಳವಾರ ಬಸುರಿಯರ ದಿನ.
ನನ್ನ ಕೆಲಸ ಬೆರಳು ಚುಚ್ಚುವುದು.
ಉಂಗುರದ ಬೆರಳು, ತುದಿಯಿಂದ ಚೂರು ಓರೆಗೆ,
ಮೊದಲ ಹನಿ ಹತ್ತಿಗೆ, ಎರಡನೆಯದು ಯಂತ್ರಕ್ಕೆ.
ಹದಿನಾಲ್ಕು ವರ್ಷವಾಯಿತು. ಈ ಊರಿನ ಬೆರಳುಗಳನ್ನು
ಮುಖಗಳಿಗಿಂತ ಚೆನ್ನಾಗಿ ಬಲ್ಲೆ:
ಕಾಫಿ ಕುಯ್ದ ಬೆರಳಲ್ಲಿ ಸೂಜಿ ಮೊದಲು ತಡೆಯುತ್ತದೆ,
ಆಮೇಲೆ ಇಳಿಯುತ್ತದೆ.

ಬೆಂಚಿನ ಆ ತುದಿಗೆ ಪೆಮ್ಮಯ್ಯ, ನಿವೃತ್ತ ಸುಬೇದಾರರು.
ಕಾಲಿನ ಹೆಬ್ಬೆರಳು ಊದಿ ಬೂಟು ಹತ್ತದೆ
ರಬ್ಬರ್ ಚಪ್ಪಲಿಯಲ್ಲಿ ಬಂದಿದ್ದಾರೆ.
ಯೂರಿಕ್ ಆಸಿಡ್ ಒಂಬತ್ತು ದಾಟಿದೆ.
"ಹಂದಿ ಬಿಡಿ ಅಂತಾರಲ್ಲ ಡಾಕ್ಟ್ರು,
ಬಿಟ್ಟು ಬದುಕಿದವರು ಇದ್ದಾರಾ ಸಿಸ್ಟರ್?"
ನಾನಿದ್ದೀನಲ್ಲ ಸಾರ್, ಎಂದೆ.
ಶನಿವಾರಸಂತೆಯ ಲಿಂಗಾಯತರ ಮನೆ, ಮೊಟ್ಟೆಯೂ ಇಲ್ಲ.
ಭರ್ತಿಗೆ ಬಂದ ಹುಡುಗನ ಎದೆ ಅಳೆಯುವ ಹಾಗೆ
ನನ್ನನ್ನು ಮೇಲಿಂದ ಕೆಳಗೆ ನೋಡಿ
"ಪಾಪ" ಅಂದರು.
ಆಮೇಲೆ ಮೆಲ್ಲಗೆ,
"ಕಾಚಂಪುಳಿ ಎರಡು ಚಮಚ ಜಾಸ್ತಿ ಹಾಕಿದ್ರೆ
ಆ ಆಸಿಡ್ಡು ಈ ಆಸಿಡ್ಡು ಹೊಡೆದಾಡ್ಕೊಂಡು ಹೋಗಲ್ವಾ?"

ಈ ತುದಿಗೆ ಪಾಲಿ. ಎರವರ ಹುಡುಗಿ,
ಮಾಲ್ದಾರೆ ಕಡೆಯ ತೋಟ, ಲೈನ್‌ಮನೆ, ಐದು ತಿಂಗಳು.
ಏಳು ಪಾಯಿಂಟ್ ಎರಡು.
ಯಂತ್ರ ಸುಳ್ಳಾಡಿರಲಿ ಎಂದು ಇನ್ನೊಮ್ಮೆ ಚುಚ್ಚಿದೆ.
ಏಳು ಪಾಯಿಂಟ್ ಎರಡು.

ಫಾರಮ್ಮಿನಲ್ಲಿ ಒಂದು ಸಾಲಿದೆ.
ಆಹಾರ: ಸಸ್ಯ, ಮಾಂಸ. ಒಂದಕ್ಕೆ ಗುರುತು ಹಾಕಿ.
"ಮಾಂಸ ತಿಂತೀಯಾ?"
"ಸಿಕ್ಕಿದ್ರೆ."
"ಸೊಪ್ಪು?"
"ಸಿಕ್ಕಿದ್ರೆ."
ಸಿಕ್ಕಾಹಾರಿ ಎಂಬ ಜಾತಿಗೆ
ಸರ್ಕಾರ ಇನ್ನೂ ಚೌಕ ಅಚ್ಚು ಹಾಕಿಸಿಲ್ಲ.

ಅವಳಜ್ಜಿ ಒಲೆ ಮೇಲೆ ನೀರಿಟ್ಟು ಗದ್ದೆಗೆ ಇಳಿಯುತ್ತಿದ್ದಳಂತೆ,
ಕುದಿಯುವುದರೊಳಗೆ ಮಡಿಲಲ್ಲಿ ಏಡಿ, ಕೊಯ್ಲೆ ಮೀನು,
ಬದುವಿನ ಕೆಸು, ತೋಡಿನ ಅಂಚಿನ ತೆರ್ಮೆ ಸೊಪ್ಪು.
ಈಗ ಗದ್ದೆಗೆ ಔಷಧಿ, ತೋಡಿಗೆ ಬೇಲಿ, ಕಾಡಿಗೆ ಗಾರ್ಡು.
ಭಾನುವಾರ ಬ್ರಾಯ್ಲರ್ ಕೋಳಿಯ ಕುತ್ತಿಗೆ, ಕಾಲು;
ಮಿಕ್ಕ ದಿನ ಅನ್ನ, ಒಣಮೀನಿನ ವಾಸನೆ,
ಲೋಟ ತುಂಬ ಕಪ್ಪು ಕಾಫಿ.

ಕಾಫಿ ಎಂದ ಕೂಡಲೇ ನನ್ನ ಬಾಯಿ ತಾನೇ ತೆರೆಯಿತು:
ಊಟದ ಜೊತೆ ಕುಡೀಬೇಡ, ಸೊಪ್ಪಿನ ಕಬ್ಬಿಣವನ್ನೆಲ್ಲ ಅದು ಹಿಡ್ಕೊಂಡುಬಿಡತ್ತೆ.
ಹೇಳುತ್ತ ಹೇಳುತ್ತಲೇ ನಾಚಿಕೆಯಾಯಿತು,
ವರ್ಷವಿಡೀ ಆ ಗಿಡದ ಚಾಕರಿ ಮಾಡುವವಳಿಗೆ
ಉಳಿದಿದ್ದೇ ಆ ಒಂದು ಲೋಟ.

"ಅಕ್ಕ, ನೀನು ತಿನ್ನಲ್ವಂತೆ. ನಿಂದೆಷ್ಟು?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ನನ್ನ ಬೆರಳು ನಾನೇ ಚುಚ್ಚಿಕೊಂಡೆ. ನೋಯುತ್ತದೆ, ಗೊತ್ತೇ ಇರಲಿಲ್ಲ.
ಹನ್ನೆರಡು ಪಾಯಿಂಟ್ ನಾಲ್ಕು.
"ಹಾಗಾದ್ರೆ ಮಾಂಸ ಬೇಡ ಬಿಡು" ಎಂದು ನಕ್ಕಳು ಪಾಲಿ.
ಬೇಡ, ನಿಜ. ಪುಸ್ತಕವೂ ಅದನ್ನೇ ಹೇಳುತ್ತದೆ.
ಆದರೆ ಪಾಲಿ, ನನ್ನ ಮನೆಯಲ್ಲಿ
ಮೊಳಕೆ ಹುರುಳಿಯ ಡಬ್ಬಿ ಇದೆ, ಅವರೆ ಇದೆ, ರಾಗಿ, ಹೆಪ್ಪುಗಟ್ಟಿದ ಮೊಸರು,
ಹಿಂಡಲು ನಿಂಬೆ, ಕಾಯಲು ಫ್ರಿಜ್ಜು,
ತಿಂಗಳಿಗೊಂದು ಒಂದನೇ ತಾರೀಕು.
ನನ್ನ ಹನ್ನೆರಡರಲ್ಲಿ ಅರ್ಧ ಸಂಬಳದ್ದು.
ಇದನ್ನು ಅವಳಿಗೆ ಹೇಳಲಿಲ್ಲ.

"ನನ್ನ ಪಾಲಿನ ಹಂದಿ ಅವಳಿಗೆ ಬರೆದುಕೊಡಿ" ಎಂದರು ಸುಬೇದಾರರು, ತಮಾಷೆಗೆ.
ಯಾರೂ ನಗದಿದ್ದಾಗ
ಚಪ್ಪಲಿಯ ಬಾರು ನೋಡುತ್ತ ಕೂತರು.

ಕಕ್ಕಡದ ಕೊನೆಗೆ ಬಂದಳು, ಗೊರಬೆ ಮರೆತು, ತೊಯ್ದು.
ಬೆರಳು ಹಿಡಿದರೆ ಉಂಗುರದ ಬೆರಳಲ್ಲೇ ಗಾಯ.
"ಏಡಿ ಕಚ್ತು."
ಈ ಸಲ ಸಾಹುಕಾರರು ಗದ್ದೆಗೆ ಔಷಧಿ ಹೊಡೆಸಿಲ್ಲವಂತೆ.
ನಡುಬೆರಳು ಕೊಡು ಎಂದೆ.
ಒಂಬತ್ತು ಪಾಯಿಂಟ್ ಒಂದು.
ಮೂರು ದಿನ ಏಡಿ ಸಾರು; ನಾನು ಕೊಟ್ಟ ಕೆಂಪು ಗುಳಿಗೆ, ವಾಂತಿಯಾಗದ ದಿನ;
ಅಂಗನವಾಡಿ ಮೊಟ್ಟೆ, ಎರಡು ಗಂಡನ ಪಾಲಿಗೆ;
ಮದ್ದು ಸೊಪ್ಪಿನ ಪಾಯಸ,
"ಉಚ್ಚೆ ಕೆಂಪಾಯ್ತಕ್ಕ, ರಕ್ತ ಉಕ್ಕಿ ಹರೀತಿದೆ ಅಂದ್ಕೊಂಡೆ."
ಕಾಫಿ?
"ಅರ್ಧ ಲೋಟ."

ಯಾವುದು ಏರಿಸಿತೋ, ಯಂತ್ರ ಹೇಳುವುದಿಲ್ಲ.
ಅಂಕಿ ತೋರಿಸಿ, ಮೂರು ಸಲ ಮಿನುಗಿ, ಆರುತ್ತದೆ.
ಗುರುತು ಹಾಕುವ ಸಾಲಿನ ಮೇಲೆ
ನನ್ನ ಪೆನ್ನು ನಿಂತೇ ಇತ್ತು.
ಪಾಲಿ ಹತ್ತಿ ಒತ್ತಿಕೊಂಡು ಎದ್ದಳು, ಬಾಗಿಲಲ್ಲಿ ತಿರುಗಿದಳು:
"ನಿಂದೂ ನೋಡ್ಕೋ ಅಕ್ಕ, ಇಳಿದಿದ್ರೂ ಇಳಿದಿರ್ತದೆ."