ಗಂಟಲದಾಗ ಏನೋ

ಗುಳೇದಗುಡ್ಡದ ಬಸ್ಸಿಗೆ ಬಂತು ಡಬ್ಬಿ,
ಕಂಡಕ್ಟರನ ಸೀಟಿನ ಕೆಳಗೆ,
ಖಣದ ಅಂಚಿನ ಚಿಂದಿಯಿಂದ ಬಿಗಿದು ಕಟ್ಟಿದ್ದು.
ಬರ್ಫ ಅರ್ಧ ನೀರಾಗಿತ್ತು.
ಚೀಟಿಯಲ್ಲಿ ಡಾಕ್ಟರ್ ಹಳ್ಳೂರರ ಅಕ್ಷರ:
ಎಮ್ಮೆ, ಐದನೆಯ ಸೂಲು. ಮೂರು ದಿನ ಮೇವು ಮುಟ್ಟಿಲ್ಲ,
ಜೊಲ್ಲು, ಒಡೆದ ದನಿ. ನಸುಕಿಗೆ ಸತ್ತಿದೆ.
ಅದರ ಕೆಳಗೆ ಬೇರೆ ಪೆನ್ನಿನಲ್ಲಿ:
ಮನೆಯಾಕೆ ಬಾಯೊಳಗೆ ಕೈ ಹಾಕಿದ್ದಾಳೆ. ಬೇಗ.

ಮೊಣಕೈತನಕ, ಎಂದರು ಫೋನಿನಲ್ಲಿ.
ಗೋವಿನಜೋಳದ ದಿಂಡು ಸಿಕ್ಕಿದೆ ಅಂದುಕೊಂಡಳಂತೆ.
ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.
ನಮ್ಮವ್ವನೂ ಹಾಕುತ್ತಿದ್ದಳು, ಬಳೆ ಹಿಂದೆ ಸರಿಸಿ.
ಮೊದಲ ಸೂಜಿ ಆಗಿದೆ. ಎರಡನೆಯದಕ್ಕೆ ಒಲ್ಲೆ ಎನ್ನುತ್ತಾಳಂತೆ,
ಎಮ್ಮಿ ಸತ್ರ ನನಗ್ಯಾಕ ಸೂಜಿ.

ಮಿದುಳಿನ ಬುಡ, ಕಿರುಮಿದುಳು,
ಕಡಲೆಕಾಳಿನಷ್ಟು ಎರಡು ತುಣುಕು.
ಗಾಜಿಗೆ ಹಗುರಾಗಿ ಒತ್ತಿದೆ.
ಅಸಿಟೋನಿನಲ್ಲಿ ಮುಳುಗಿಸಿ ಫ್ರೀಜರಿಗಿಟ್ಟೆ.
ಆ ಅರ್ಧ ತಾಸು ನನಗೆ ಯಾವತ್ತೂ ಸರಿಯುವುದಿಲ್ಲ.
ನವನಗರದಲ್ಲಿ ಕರೆಂಟು ಹೋಗಿ ಬಂತು.
ರಾಜೇಸಾಬ ಚಹಾ ತಂದು ಬಾಗಿಲ ಹೊರಗೇ ನಿಂತ,
ಹನ್ನೊಂದು ವರ್ಷದಿಂದ ಅಲ್ಲೇ ನಿಲ್ಲುತ್ತಾನೆ.
ಆಮೇಲೆ ಬಣ್ಣದ ಹನಿ, ಕಾವು,
ತೊಳೆ, ಮತ್ತೆ ತೊಳೆ.

ಕತ್ತಲಕೋಣೆ. ಮೂರು ಗಾಜು.
ಹೌದು ಎಂದು ಮೊದಲೇ ಗೊತ್ತಿರುವುದೊಂದು,
ಅಲ್ಲ ಎಂದು ಗೊತ್ತಿರುವುದೊಂದು,
ನಡುವೆ ಗುಳೇದಗುಡ್ಡದ ಎಮ್ಮೆ.
ಅಲ್ಲ ಎನ್ನುವುದು ಕಪ್ಪಗೇ ಇತ್ತು, ಹಾಗೇ ಇರಬೇಕು.
ನಡುವಿನದನ್ನು ಸರಿಸಿ ಕಣ್ಣಿಟ್ಟೆ:
ಹಸಿರು.
ಹಿಟ್ಟು ಜರಡಿ ಹಿಡಿದಾಗ ಏಳುವ ಧೂಳಿನಂತೆ, ಎಲ್ಲೆಲ್ಲೂ.
ಪುಸ್ತಕ ಇದನ್ನು ಸೇಬಿನ ಹಸಿರು ಎನ್ನುತ್ತದೆ.
ನಾವು ತಿಂದ ಸೇಬೆಲ್ಲ ಕೆಂಪು.
ಚೆಂದ ಇತ್ತು.
ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಹಳ್ಳೂರರು ನಂಬರು ಕೊಟ್ಟು, ನೀವೇ ಹೇಳಿ ಎಂದರು.
ಆಕೆಯೇ ಎತ್ತಿದಳು. ಹಿಂದೆ ಮಗ್ಗದ ಸಪ್ಪಳ.
ಗುರಸಂಗವ್ವ, ಹುಚ್ಚುನಾಯಿ ರೋಗನ ಐತಿ.
ಉಳಿದ ಸೂಜಿ ಒಂದೂ ತಪ್ಪಿಸಬ್ಯಾಡ್ರಿ.
ಮಗ್ಗ ನಿಂತಿತು.
"ಹಂಗಾದ್ರ ಗಂಟಲದಾಗ ಏನೂ ಇರಲಿಲ್ಲ?"
ಇರಲಿಲ್ಲವ್ವಾ.
"ಅಷ್ಟು ಹುಡುಕಿದ್ನಿ."
ಮತ್ತೆ ಸುಮ್ಮನಾದಳು. ಆಮೇಲೆ,
"ಕಚ್ಚಲಿಲ್ಲ ನೋಡ್ರಿ, ನನ್ನ ಕೈ. ಒಂದೀಟೂ ಕಚ್ಚಲಿಲ್ಲ."

ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.
ಕ್ರಮಸಂಖ್ಯೆ ಬರೆದೆ, ಎಮ್ಮೆ ಎಂದು ಬರೆದೆ, ಊರು ಬರೆದೆ.
ಖಣದ ಚಿಂದಿಯನ್ನು
ಉಳಿದದ್ದರ ಜೊತೆ ಸುಡಲು ಹಾಕಿದೆ.