ನೀರು ತಾಗಿಲ್ಲವಂತೆ

ಬಂದವರೆಲ್ಲ ಮೊದಲು ಹೇಳುವುದು ಅದನ್ನೇ:
"ನೀರು ತಾಗಿಲ್ಲ ಅಕ್ಕಾ, ಸುಮ್ಮನೆ ನಿಂತುಹೋಯಿತು."
ಜುಲೈ ತಿಂಗಳಲ್ಲಿ, ವಾಲ್ದಿವಿಯಾದಲ್ಲಿ,
ಹದಿನೇಳು ದಿನದಿಂದ ಬಿಡದೆ ಹೊಯ್ಯುತ್ತಿರುವ ಊರಲ್ಲಿ
ಗಡ್ಡದಿಂದ ತೊಟತೊಟ ಸೋರುತ್ತ ನಿಂತು
ಹೇಳುತ್ತಾರೆ.

ನಾನು ವಾದಕ್ಕೆ ಹೋಗುವುದಿಲ್ಲ.
ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತುತ್ತೇನೆ.
ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು.
ಮನುಷ್ಯರ ಹಾಗಲ್ಲ ತಾಮ್ರ,
ಕೇಳುವ ಮೊದಲೇ ಒಪ್ಪಿಕೊಳ್ಳುತ್ತದೆ.

ಬೇಕರಿಯ ಕ್ಲೊದೊಮಿರೊ, ಭಾನುವಾರ,
ಪೆಟ್ರೋಲ್ ಬಂಕಿನ ಪೈಪು ಹಿಡಿದು
ಕುದುರೆಯ ಮೈತೊಳೆದ ಹಾಗೆ ತೊಳೆದಿದ್ದಾನೆ.
ಮಳೆ ಮೇಲಿಂದ ಬೀಳುತ್ತದೆ ಮಾರಾಯ,
ಆ ಪೈಪು ಸಂದಿಗೆ ನುಗ್ಗುತ್ತದೆ.
ಸಸ್ಯಶಾಸ್ತ್ರದ ಮೇಷ್ಟರು ಅದಕ್ಕೆ ಉಲ್ಟಾ.
ಒದ್ದೆ ಸೈಕಲ್ಲನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ
ಎರಡು ವಾರ ಊರಿಗೆ ಹೋಗಿಬಂದರು.
ಹೊರಗಿನ ಮಳೆ ಒಳಗೆ ಬಂದಿಲ್ಲ, ನಿಜ.
ಒಳಗಿನ ಉಸಿರೂ ಹೊರಗೆ ಹೋಗಿಲ್ಲ.
ಸೀಟಿಗೆ ಬೂಷ್ಟು ಬಂದಿತ್ತು.
"ಯಾವ ಜಾತಿಯ ಬೂಷ್ಟು?" ಎಂದು ಕೇಳಿದೆ.
ನಗಲಿಲ್ಲ ಅವರು.

ಇನ್ನೊಬ್ಬ ಹುಡುಗ, ಹತ್ತೊಂಬತ್ತೋ ಇಪ್ಪತ್ತೋ,
ನೆನೆದ ಬ್ಯಾಟರಿಯನ್ನು ಬೆಕ್ಕಿನ ಮರಿಯಂತೆ
ಕಟ್ಟಿಗೆ ಒಲೆಯ ಪಕ್ಕ ಮಲಗಿಸಿ
ಚಾರ್ಜರನ್ನೂ ಸಿಕ್ಕಿಸಿ ನಿದ್ದೆ ಹೋಗಿದ್ದ.
ಮನೆ ಉಳಿದದ್ದು ಅವನ ಅತ್ತೆಗೆ ಕೆಮ್ಮು ಇದ್ದುದರಿಂದ.
ಅವನಿಗೆ ಬೈಯುತ್ತಲೇ ಎಲ್ಲ ಹೇಳಿಕೊಟ್ಟೆ:
ಒರೆಸು, ಆರಲಿ, ಅವಸರ ಬೇಡ,
ಬೆಂಕಿಯಿಂದ ದೂರ, ಪಿನ್ನಿಗೆ ತೆಳ್ಳಗೆ ಗ್ರೀಸು,
ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟೇ.
ಇಲ್ಲ, ಇಲ್ಲಿ ದೋಸೆ ಎಲ್ಲಿ ಬಂತು,
ಬ್ರೆಡ್ಡಿಗೆ ಬೆಣ್ಣೆ ಅಂದಿದ್ದೆ ನಾನು.
ಕಥೆ ನಿಮ್ಮ ಭಾಷೆಗೆ ಬರುವಾಗ ಅಡುಗೆಯೂ ಬದಲಾಗುತ್ತದೆ.

ಎರ್ಮೆಲಿಂದಾ ಬಂದದ್ದು ಶಟರು ಎಳೆಯುವ ಹೊತ್ತಿಗೆ.
ನದಿ ದಂಡೆಯ ಸಂತೆಯಲ್ಲಿ ಮೀನು ಮಾರುವವಳು,
ತೋಳಿನ ಮೇಲೆ ಇನ್ನೂ ಹುರುಪೆ.
ಸೈಕಲ್ಲು ತಳ್ಳಿಕೊಂಡು ಬಂದು, ನಿಲ್ಲಿಸಿ,
"ನೀರು ತಾಗಿದೆ," ಅಂದಳು.
"ಇರುಸು ಮುಳುಗುವ ತನಕ. ಗೊತ್ತಿದ್ದೇ ಇಳಿಸಿದೆ."

ರಸ್ತೆ ಹೊಳೆಯಾಗಿತ್ತಂತೆ.
ಆಂಬ್ಯುಲೆನ್ಸು ಆಚೆ ಕಡೆ, ಇವರು ಈಚೆ ಕಡೆ.
ಹಿಂದಿನ ಮೀನಿನ ಪೆಟ್ಟಿಗೆಯ ಮೇಲೆ ಮಗಳು,
ನೋವು ಬಂದಾಗಲೆಲ್ಲ ಅಮ್ಮನ ಸೊಂಟ ಹಿಡಿದು ಹಿಂಡುತ್ತ.
ಮೋಟಾರು ನೀರಿನೊಳಗೇ ಗುಂಯ್‌ಗುಟ್ಟಿತಂತೆ,
ಆಸ್ಪತ್ರೆಯ ಇಳಿಜಾರು ಹತ್ತಿ
ಮೇಲೆ ಹೋಗಿ ಸತ್ತಿತಂತೆ.

"ಮಗು?"
"ಹೆಣ್ಣು. ಮೂರು ಕೇಜಿ ನೂರು ಗ್ರಾಂ."
ತಕ್ಕಡಿಯವಳು, ತೂಕ ತಪ್ಪುವುದಿಲ್ಲ.

ಮೋಟಾರು ಬಿಚ್ಚಿದೆ.
ಒಂದು ಕಾಫಿ ಲೋಟದಷ್ಟು ಕಂದು ನೀರು,
ಅದರಲ್ಲಿ ಒಂದೇ ಒಂದು ಹುರುಪೆ, ಹೊಳೆಯುತ್ತ.
ಬಾಯಲ್ಲಿ ಸಿದ್ಧವಾಗಿದ್ದ ಉಪದೇಶವನ್ನೆಲ್ಲ ನುಂಗಿಕೊಂಡೆ.
ಮೂಲೆಯಲ್ಲಿ ಯಾರೋ ಬಿಟ್ಟುಹೋದ ಹಳೆಯ ಮೋಟಾರಿತ್ತು.
ಹಚ್ಚಿದೆ. ಅವಳು ಟಾರ್ಚು ಹಿಡಿದಳು,
ಕೈ ನಡುಗುತ್ತಿತ್ತು, ಬೆಳಕು ಬೇರೆಲ್ಲೋ ಬೀಳುತ್ತಿತ್ತು.

ಒಂದನ್ನು ಮಾತ್ರ ಹೇಳಿದೆ.
ತಂತಿಯನ್ನು ಪೆಟ್ಟಿಗೆಗೆ ನೆಟ್ಟಗೆ ಎಳೆಯಬಾರದು.
ಒಳಹೋಗುವ ಮುಂಚೆ ಒಂದಿಷ್ಟು ಜೋಲುಬಿಡಬೇಕು.
ತಂತಿ ಹಿಡಿದು ಬಂದ ಹನಿ ಅಲ್ಲಿ ತಡೆದು
ಕೆಳಗೆ ಬೀಳುತ್ತದೆ.
"ಹೀಗಾ?" ಬೆರಳಲ್ಲಿ ಬಗ್ಗಿಸಿದಳು.
"ಇನ್ನೂ ಸ್ವಲ್ಪ."

ಬ್ಯಾಟರಿಗೆ ನೀಲಿ ಹೊದಿಕೆಯೊಂದನ್ನು ಹೊಲಿದುಕೊಟ್ಟೆ,
ಅಡಿಯಲ್ಲಿ ಗಾಳಿಯಾಡಲು ಕಿಂಡಿ ಬಿಟ್ಟು.
ಹೋದಳು. ಕತ್ತಲಲ್ಲಿ ಕಡಲಸಿಂಹಗಳು ಬೊಗಳುತ್ತಿದ್ದವು.

ಬೆಳಿಗ್ಗೆ ಅಂಗಡಿಯ ಮೆಟ್ಟಿಲ ಮೇಲೆ
ಮೊಳದುದ್ದದ ಮೀನು, ನನಗೆ.
ಸುತ್ತಿದ್ದು ಅದೇ ನೀಲಿ ಹೊದಿಕೆಯಲ್ಲಿ.
ಮಳೆ ಇನ್ನೂ ಹೊಯ್ಯುತ್ತಲೇ ಇತ್ತು,
ಮೀನು ಮಾತ್ರ ಒಂದು ಹನಿ ನೆನೆದಿರಲಿಲ್ಲ.